ಕಣ್ಣ ಮುಂದಿನ ಅಂಕೆ

ನೀರಿನ ಆಳಕ್ಕೆ ಇಳಿಯುವುದೇ ಕಷ್ಟ, ಮೇಲಕ್ಕೆ ಬರುವುದೇನೂ ದೊಡ್ಡದಲ್ಲ ಎಂದು ದಡದ ಮೇಲೆ ನಿಂತ ನಮಗೆ ತೋರುತ್ತದೆ. ಮುಳುಗುಗಾರರ ಅನುಭವವು ಇದಕ್ಕೆ ತೀರ ವಿರುದ್ಧವಾದುದು. ಇಳಿಯುವಾಗ ದೇಹವು ಸದ್ದಿಲ್ಲದೆ ಸಾಲ ಮಾಡುತ್ತ ಹೋಗುತ್ತದೆ. ಏರುವಾಗ ಆ ಸಾಲವನ್ನು ಕಂತು ಕಂತಾಗಿ ತೀರಿಸಬೇಕಾಗುತ್ತದೆ. ಸಮುದ್ರದಲ್ಲಿ 10 ಮೀಟರು ಇಳಿದಂತೆಲ್ಲ ನಮ್ಮ ಮೇಲಿನ ಒತ್ತಡವು ಇಡೀ ವಾಯುಮಂಡಲದ ಭಾರದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಮಾಂಸ ಮೇದಸ್ಸುಗಳಲ್ಲಿಯೂ ಕರಗಿ ಕುಳಿತುಬಿಡುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಬಂದ ದಾರಿಯಲ್ಲಿಯೇ, ಉಸಿರಿನೊಡನೆ, ಹೊರಟುಹೋಗುತ್ತದೆ. ಅವಸರದಿಂದ ಬಂದರೆ, ಗೋಲಿಯನ್ನು ಒತ್ತಿದೊಡನೆ ಸೋಡಾ ನೊರೆಯೇಳುವಂತೆ, ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲುಗಳಲ್ಲಿ ಸೇರಿದರೆ ತಾಳಲಾರದ ನೋವು. ಬೆನ್ನುಹುರಿಯಲ್ಲಿ ಸೇರಿದರೆ ಕಾಲುಗಳೇ ಬಿದ್ದುಹೋಗಬಹುದು. ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ.

ಈ ಸಾಲದ ಲೆಕ್ಕವನ್ನು ಇಂದು ಕೆಲವು ಮುಳುಗುಗಾರರು ಕಣ್ಣಿನ ಮುಂದೆಯೇ ಕಟ್ಟಿಕೊಂಡು ಇಳಿಯುತ್ತಾರೆ. ಮುಖವಾಡದ ಗಾಜಿಗೆ ತಗುಲಿಕೊಂಡ ಪುಟ್ಟದೊಂದು ಯಂತ್ರ. ಅದರೊಳಗೆ ಉಗುರಿನಷ್ಟು ಅಗಲದ ಪರದೆ. ಅದರಲ್ಲಿ ಆಳವೆಷ್ಟು, ಹೊತ್ತೆಷ್ಟಾಯಿತು, ಮೇಲೇರುವಾಗ ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಲ್ಲಬೇಕು ಎಂಬ ಅಂಕೆಗಳು. ದಡದಲ್ಲಿದ್ದ ಲೆಕ್ಕವು ಕಣ್ಣಿನ ಮುಂದಕ್ಕೆ ಬಂದ ಕಥೆಯು ಕುತೂಹಲಕರವಾದುದು. ಅಂಕೆಯು ಇಷ್ಟು ಹತ್ತಿರ ಬಂದ ಮೇಲೆ ಅದನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯೂ ಆ ಕಥೆಯ ಬೆನ್ನಿಗೇ ಬರುತ್ತದೆ.

ವಿಚಿತ್ರವೆಂದರೆ ಈ ಚರಿತ್ರೆಯು ಮೊದಲಾಗುವುದೂ ಒಂದು ಕಣ್ಣಿನಿಂದಲೇ. ಇಂಗ್ಲೆಂಡಿನ ರಾಬರ್ಟ್ ಬಾಯ್ಲನು ಗಾಳಿಯನ್ನು ಹೊರಸೆಳೆಯುವ ತನ್ನ ಪಂಪಿನ ಗಾಜಿನ ಪಾತ್ರೆಯಲ್ಲಿ ಒಂದು ಹಾವನ್ನಿಟ್ಟು ಒತ್ತಡವನ್ನು ಇಳಿಸಿದಾಗ, ಅದರ ಕಣ್ಣಿನ ನೀರಿನಲ್ಲಿ ಗುಳ್ಳೆಯೊಂದು ಅತ್ತಿತ್ತ ಸರಿದಾಡುವುದನ್ನು ಕಂಡನು. 1670ರಲ್ಲಿ ಅದನ್ನು ಬರೆದಿಟ್ಟನು. ಆದರೆ ಅದರ ಅರ್ಥ ಮನುಷ್ಯರಿಗೆ ತಿಳಿಯಬೇಕಾದರೆ ಇನ್ನೂ ಎರಡು ಶತಮಾನಗಳು ಕಳೆಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಗಳ ತಳದಲ್ಲಿ ಸೇತುವೆಯ ಕಂಬಗಳಿಗೆ ಅಡಿಪಾಯ ತೋಡಲು ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಇಳಿಬಿಟ್ಟು, ನೀರು ನುಗ್ಗದಂತೆ ಒತ್ತಡದ ಗಾಳಿಯನ್ನು ತುಂಬಿ, ಕೂಲಿಗಳನ್ನು ಒಳಗೆ ಇಳಿಸುತ್ತಿದ್ದರು. ಕೆಲಸ ಮುಗಿಸಿ ಹೊರಬಂದವರು ನೋವಿನಿಂದ ಸೊಂಟ ಬಗ್ಗಿಸಿ ನಡೆಯುತ್ತಿದ್ದರು. ಆ ಬಾಗಿದ ನಡಿಗೆಯಿಂದಲೇ ಕಾಯಿಲೆಗೆ ‘ಬೆಂಡ್ಸ್’ ಎಂಬ ಹೆಸರು ಬಂದಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗನೇ 1872ರಲ್ಲಿ ಈ ಬೇನೆಗೆ ತುತ್ತಾಗಿ ಹಾಸಿಗೆ ಹಿಡಿದನು. ಅವನ ಹೆಂಡತಿ ಎಮಿಲಿಯು ಗಂಡನ ಸೂಚನೆಗಳನ್ನು ಹೊತ್ತು ಓಡಾಡಿ, 1883ರಲ್ಲಿ ಸೇತುವೆ ತೆರೆಯುವವರೆಗೂ ಕೆಲಸವನ್ನು ನಡೆಸಿದಳು. ಈ ನಡುವೆ 1878ರಲ್ಲಿ ಫ್ರಾನ್ಸಿನ ಪೌಲ್ ಬೆರ್ ಎಂಬ ವಿಜ್ಞಾನಿಯು ಇದಕ್ಕೆಲ್ಲ ಸಾರಜನಕದ ಗುಳ್ಳೆಗಳೇ ಕಾರಣವೆಂದು ತೋರಿಸಿಕೊಟ್ಟನು.

ಕಾರಣವು ತಿಳಿದರೆ ಸಾಲದು. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ನಿಧಾನ ಎಂಬ ಲೆಕ್ಕ ಬೇಕು. ಅದನ್ನು ಕೊಟ್ಟವನು ಸ್ಕಾಟ್ಲೆಂಡಿನವನಾದ ಜಾನ್ ಸ್ಕಾಟ್ ಹಾಲ್ಡೇನನು. ಬ್ರಿಟಿಷ್ ನೌಕಾಪಡೆಯ ಕೋರಿಕೆಯಂತೆ ಅವನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಆಡುಗಳನ್ನು ಕೂಡಿಹಾಕಿ, ಒತ್ತಡ ಏರಿಸಿ ಇಳಿಸಿ ನೋಡಿದನು. ನೋವು ಬಂದ ಆಡು ಮುಂಗಾಲನ್ನು ಎತ್ತಿಹಿಡಿದು ನಿಲ್ಲುತ್ತಿತ್ತು. ಎರಡು ವಾಯುಮಂಡಲಗಳ ಒತ್ತಡದಿಂದ ಒಂದಕ್ಕೆ ಥಟ್ಟನೆ ಬಂದರೂ ಹಾನಿಯಿಲ್ಲವೆಂಬುದನ್ನು ಅವನು ಗಮನಿಸಿದನು. ಹಾಗಾದರೆ ಎಷ್ಟೇ ಆಳದಿಂದಲಾದರೂ ಒತ್ತಡವು ಅರ್ಧವಾಗುವವರೆಗೆ ಬೇಗ ಏರಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ಬರಬಹುದಲ್ಲವೆ? ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅನಿಲವನ್ನು ಹೀರುವುದಿಲ್ಲ; ಆದುದರಿಂದ ಅವನು ಮನಸ್ಸಿನಲ್ಲಿಯೇ ದೇಹವನ್ನು ಐದು ಭಾಗ ಮಾಡಿ, ಅವು 5, 10, 20, 40, 75 ನಿಮಿಷಗಳಲ್ಲಿ ಅರ್ಧ ತುಂಬುವುವೆಂದು ಎಣಿಸಿದನು. 1908ರಲ್ಲಿ ಬಾಯ್ಕಾಟ್ ಮತ್ತು ಡಾಮಂಟ್ ಎಂಬವರೊಡನೆ ಅವನು ಪ್ರಕಟಿಸಿದ ಕೋಷ್ಟಕಗಳಿಂದ ಅಸಂಖ್ಯಾತ ಮುಳುಗುಗಾರರ ಪ್ರಾಣ ಉಳಿಯಿತು. ಆ ಪ್ರಯೋಗಗಳ ಕಾಲದಲ್ಲಿ ಹದಿಮೂರು ವರ್ಷದ ಅವನ ಮಗನೂ ಸೋರುವ ಉಡುಪು ತೊಟ್ಟು ಸ್ಕಾಟ್ಲೆಂಡಿನ ಸಮುದ್ರದಲ್ಲಿ ಮುಳುಗಿದ್ದನು. ಆ ಹುಡುಗನೇ ಮುಂದೆ ಪ್ರಖ್ಯಾತ ಜೀವವಿಜ್ಞಾನಿಯಾದ ಜೆ. ಬಿ. ಎಸ್. ಹಾಲ್ಡೇನ್. ಅವರು 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಾಲ್ಡೇನನ ಕೋಷ್ಟಕವನ್ನು ಓದುತ್ತಿದ್ದವನು ಮಾತ್ರ ಮುಳುಗುಗಾರನಲ್ಲ. ತಾಮ್ರದ ಶಿರಸ್ತ್ರಾಣ ತೊಟ್ಟು ಅವನು ಕೆಳಗಿದ್ದರೆ, ಮೇಲೆ ದೋಣಿಯಲ್ಲಿ ಇನ್ನೊಬ್ಬನು ಗಡಿಯಾರವನ್ನೂ ಕೋಷ್ಟಕವನ್ನೂ ಹಿಡಿದು ಕುಳಿತಿರುತ್ತಿದ್ದನು. ಗಾಳಿಯ ಕೊಳವೆ ಮತ್ತು ಹಗ್ಗಗಳ ಮೂಲಕ ಇಬ್ಬರಿಗೂ ಸಂಬಂಧವಿತ್ತು. ಒಬ್ಬನ ಜೀವದ ಲೆಕ್ಕವು ಇನ್ನೊಬ್ಬನ ಕೈಯಲ್ಲಿತ್ತು. 1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಎಂಬವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಉರುಳೆಯೊಡನೆ ‘ಆಕ್ವಾಲಂಗ್’ ಸಾಧನವನ್ನು ಸಿದ್ಧಪಡಿಸಿದಾಗ ಆ ಹಗ್ಗವು ಕಡಿಯಿತು. ಮುಳುಗುಗಾರನು ಮೀನಿನಂತೆ ಸ್ವತಂತ್ರನಾದನು. ಅದರ ಜೊತೆಗೆ ಲೆಕ್ಕವನ್ನು ಇಟ್ಟುಕೊಳ್ಳಬೇಕಾದವನೂ ಅವನೇ ಆದನು. ಅವನೋ ಒಮ್ಮೆ ಮೂವತ್ತು ಮೀಟರಿಗೆ ಇಳಿದು, ಮತ್ತೊಮ್ಮೆ ಹತ್ತಕ್ಕೆ ಏರಿ, ಬಂಡೆಯ ಮರೆಯಲ್ಲಿ ಹದಿನೆಂಟಕ್ಕೆ ಇಳಿಯುವವನು. ಕೋಷ್ಟಕಕ್ಕೆ ಈ ಅಲೆದಾಟ ತಿಳಿಯದು. ಇದ್ದಷ್ಟು ಹೊತ್ತೂ ಅತ್ಯಂತ ಆಳದಲ್ಲಿಯೇ ಇದ್ದನೆಂದು ಅದು ಭಾವಿಸುತ್ತದೆ.

ಆದುದರಿಂದ ಮುಳುಗುಗಾರನೊಡನೆ ತಾನೂ ಇಳಿದು ಲೆಕ್ಕ ಹಾಕುವ ಯಂತ್ರಕ್ಕಾಗಿ ಹುಡುಕಾಟ ನಡೆಯಿತು. 1953ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಗ್ರೋವ್ಸ್ ಮತ್ತು ಮಂಕ್ ಎಂಬವರು ಅಂಥದೊಂದು ಮಾಪಕ ಹೇಗಿರಬೇಕೆಂದು ಚರ್ಚಿಸಿ ಬರೆದರು. 1959ರಲ್ಲಿ ಇಟಲಿಯ ಎಸ್‌ಓಎಸ್ ಕಂಪನಿಯ ಮಾಪಕವು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಗಣಿತವೂ ಇಲ್ಲ, ವಿದ್ಯುತ್ತೂ ಇಲ್ಲ. ಚೀಲದಲ್ಲಿದ್ದ ಅನಿಲವು ಹೊರಗಿನ ಒತ್ತಡಕ್ಕೆ, ಮಣ್ಣಿನ ಹೂಜಿಯಲ್ಲಿ ನೀರು ಒಸರುವಂತೆ, ಸಣ್ಣ ರಂಧ್ರಗಳ ಪಿಂಗಾಣಿಯ ತುಂಡೊಂದರ ಮೂಲಕ ಒಳಕೋಣೆಗೆ ಮೆಲ್ಲನೆ ಇಳಿಯುತ್ತಿತ್ತು, ಮುಳ್ಳು ತಿರುಗುತ್ತಿತ್ತು. ಹಾಲ್ಡೇನನ ಐದು ಭಾಗಗಳ ಬದಲು ಒಂದೇ ಪಿಂಗಾಣಿಯು ಇಡೀ ದೇಹಕ್ಕೆ ಪ್ರತಿನಿಧಿ. ಅದನ್ನು ನಂಬದವರು ಬೆಂಡ್ಸ್ ರೋಗವನ್ನು ತಾನಾಗಿಯೇ ತರುವ ಯಂತ್ರವೆಂಬರ್ಥದಲ್ಲಿ ‘ಬೆಂಡೊಮ್ಯಾಟಿಕ್’ ಎಂದು ಅಡ್ಡಹೆಸರಿಟ್ಟರು. ನಿಜವಾದ ಗಣಕವು ನೀರಿಗಿಳಿದು ಜನಪ್ರಿಯವಾಗಲು 1983 ಬರಬೇಕಾಯಿತು. ಆ ವರ್ಷ ಅಮೆರಿಕದ ‘ಎಡ್ಜ್’ ಎಂಬ ಯಂತ್ರವು ದೇಹವನ್ನು ಹನ್ನೆರಡು ಭಾಗ ಮಾಡಿ ಪರದೆಯ ಮೇಲೆ ಚಿತ್ರವಾಗಿ ತೋರಿಸಿತು. ಯೂರೋಪಿನ ‘ಡೆಕೋ ಬ್ರೈನ್’ ಜ್ಯೂರಿಕ್ಕಿನ ವೈದ್ಯ ಬ್ಯೂಲ್‌ಮನ್ನನ ಗಣಿತವನ್ನು ಅಳವಡಿಸಿಕೊಂಡಿತು. ದೋಣಿಯಲ್ಲಿದ್ದ ಲೆಕ್ಕವು ಹೀಗೆ ಮುಳುಗುಗಾರನ ಜೊತೆಗೆ ಇಳಿದು, ಯಂತ್ರವು ಚಿಕ್ಕದಾದಂತೆ ಮಣಿಕಟ್ಟಿನ ಮೇಲೆ ಬಂದು ಕುಳಿತಿತು.

ಮಣಿಕಟ್ಟಿನಿಂದ ಕಣ್ಣಿಗೆ ಒಂದು ಮೊಳದ ದೂರ. ಅದನ್ನು ದಾಟಿಸುವ ಅಗತ್ಯವೇನು? ಸುಮ್ಮನೆ ಹವಳ ನೋಡಿ ಬರುವವರಿಗೆ ಏನೂ ಇಲ್ಲ. ಆದರೆ 1990ರ ದಶಕದ ಆರಂಭದಿಂದ ‘ಟೆಕ್ನಿಕಲ್ ಡೈವರ್’ ಎಂದು ಕರೆಸಿಕೊಳ್ಳುತ್ತಿರುವ ಸಾಹಸಿಗಳ ಮಾತು ಬೇರೆ. ಅವರು ಹೀಲಿಯಂ ಬೆರೆತ ಅನಿಲವನ್ನು ಉಸಿರಾಡುತ್ತ ಮುಳುಗಿದ ಹಡಗುಗಳ ಒಡಲಿಗೂ ನೀರು ತುಂಬಿದ ಗುಹೆಗಳಿಗೂ ಇಳಿಯುತ್ತಾರೆ. ಗುಹೆಯಲ್ಲಿ ಕಾಲಿನ ರೆಕ್ಕೆ ತುಸು ತಾಕಿದರೆ ಸಾಕು, ತಳದ ಕೆಸರೆದ್ದು ನೀರು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ತನ್ನ ಕೈ ತನಗೇ ಕಾಣುವುದಿಲ್ಲ. ಒಂದು ಕೈ ದಾರಿ ತೋರುವ ಹುರಿಯನ್ನು ಹಿಡಿದಿದ್ದರೆ ಇನ್ನೊಂದು ಕೈ ಎಳೆದೊಯ್ಯುವ ಯಂತ್ರವನ್ನು ಹಿಡಿದಿರುತ್ತದೆ. ಇಂಥವರಲ್ಲಿ ಅನೇಕರು ಬಿಟ್ಟ ಉಸಿರನ್ನೇ ಸುಣ್ಣದ ಮಿಶ್ರಣದಲ್ಲಿ ಶುದ್ಧಿಮಾಡಿ, ಆಮ್ಲಜನಕ ಸೇರಿಸಿ, ಮತ್ತೆ ಕೊಡುವ ‘ರೀಬ್ರೀದರ್’ ಯಂತ್ರವನ್ನು ಬಳಸುತ್ತಾರೆ. ಅದರಲ್ಲಿ ಆಮ್ಲಜನಕ ಕಡಿಮೆಯಾದರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಹೆಚ್ಚಾದರೆ ಸೆಳವು ಬರುತ್ತದೆ. ಎರಡರ ಕೊನೆಯೂ ಒಂದೇ.

ಆದುದರಿಂದ ಮೊದಲು ಬಾಯಿಯ ಕೊಳವೆಯ ಬಳಿ ಕಣ್ಣಂಚಿಗೆ ಕಾಣುವಂತೆ ಬಣ್ಣದ ಕಿರುದೀಪಗಳನ್ನಿಟ್ಟರು. ಆಮೇಲೆ ಯುದ್ಧವಿಮಾನದ ಚಾಲಕರಿಂದ ಒಂದು ವಿದ್ಯೆಯನ್ನು ಎರವಲು ತಂದರು. ತಲೆ ತಗ್ಗಿಸದೆಯೇ ಎದುರಿನ ಗಾಜಿನಲ್ಲಿ ಅಂಕೆಗಳನ್ನು ಕಾಣುವ ವ್ಯವಸ್ಥೆಯದು. ‘ಹೆಡ್-ಅಪ್ ಡಿಸ್‌ಪ್ಲೇ’ ಎಂಬ ಹೆಸರೂ ಅಲ್ಲಿಂದಲೇ ಬಂದಿತು. ಇಲ್ಲೊಂದು ತೊಡಕಿತ್ತು: ಕಣ್ಣಿಗೆ ಅಂಟುವಷ್ಟು ಹತ್ತಿರ ಹಿಡಿದ ಪುಸ್ತಕವನ್ನು ಯಾರೂ ಓದಲಾರರು. ಪರದೆಯ ಮುಂದೆ ಪುಟ್ಟ ಮಸೂರವನ್ನಿಟ್ಟು, ಅದರ ಬಿಂಬವು ದೂರದಲ್ಲಿ ತೇಲುವಂತೆ ತೋರಿಸಿ ಇದನ್ನು ಬಿಡಿಸಿದರು. ಚಾಳೀಸಿನ ಕನ್ನಡಕ ಬೇಕಾದ ವಯಸ್ಸಿನವರಿಗೂ ಇದರಿಂದ ಅನುಕೂಲವೇ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಓಷಾನಿಕ್ ಕಂಪನಿಯು ಮುಖವಾಡದೊಳಗೇ ಪರದೆಯನ್ನು ಅಳವಡಿಸಿತು. ಕೆನಡಾದ ಶಿಯರ್‌ವಾಟರ್ ಕಂಪನಿಯ ‘ನೆರ್ಡ್’ ಬಾಯಿಯ ಕೊಳವೆಗೆ ಕಟ್ಟಿಕೊಳ್ಳುವಂಥದು. 2017ರಲ್ಲಿ ಅದರ ಎರಡನೆಯ ಮಾದರಿ ಬಂದಿತು. 2019ರಲ್ಲಿ ಬಂದ ಸ್ಕೂಬಾಪ್ರೊ ಕಂಪನಿಯ ‘ಗೆಲಿಲಿಯೊ ಹಡ್’ ಮುಖವಾಡದ ಮೇಲೆಯೇ ಕುಳಿತು, ಬೇಡವಾದಾಗ ಮೇಲಕ್ಕೆ ಮಡಚಿಕೊಳ್ಳುತ್ತದೆ.

ಅಂಕೆಯು ಇಷ್ಟು ಹತ್ತಿರ ಬಂದರೂ ಅದು ಮುಳುಗುಗಾರನ ರಕ್ತವನ್ನು ನೋಡಿ ಹೇಳುವುದಲ್ಲ ಎಂಬುದನ್ನು ಮರೆಯಬಾರದು. ಯಂತ್ರವು ಮುಖ್ಯವಾಗಿ ಅಳೆಯುವುದು ನೀರಿನ ಒತ್ತಡವನ್ನು, ಕಾಲವನ್ನು, ಅನಿಲದ ಪ್ರಮಾಣವನ್ನು. ಮಿಕ್ಕದ್ದೆಲ್ಲ ಹಾಲ್ಡೇನನ ಕಲ್ಪಿತ ದೇಹದ ಮರಿಮಕ್ಕಳ ಲೆಕ್ಕ. ದಣಿದವನು, ಚಳಿಗೆ ನಡುಗುವವನು, ನೀರು ಕುಡಿಯದೆ ಒಣಗಿದವನು, ಎಲ್ಲರೂ ಬಹುಪಾಲು ಯಂತ್ರಗಳಿಗೆ ಒಂದೇ. 1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಎಂಬ ವೈದ್ಯನು ಶಬ್ದತರಂಗಗಳ ಸಹಾಯದಿಂದ ಆಲಿಸಿದಾಗ, ಯಾವ ನೋವೂ ಇಲ್ಲದೆ ಕ್ರಮವಾಗಿ ಮೇಲೆ ಬಂದವರ ರಕ್ತದಲ್ಲಿಯೂ ಗುಳ್ಳೆಗಳು ಹರಿಯುತ್ತಿರುವುದು ಕೇಳಿಸಿತು. ಇಂದಿನ ಯಂತ್ರಗಳಲ್ಲಿ ಎಷ್ಟು ಎಚ್ಚರಿಕೆಯ ಲೆಕ್ಕ ಬೇಕೆಂಬುದನ್ನು ಮುಳುಗುಗಾರನೇ ಗೊತ್ತುಮಾಡಿಕೊಳ್ಳುವ ಅವಕಾಶವಿರುವುದು ಈ ಅನಿಶ್ಚಯದಿಂದಲೇ.

ವಿಮಾನಚಾಲಕರಿಂದ ಪಡೆದ ವಿದ್ಯೆಯೊಡನೆ ಅವರ ಅನುಭವವನ್ನೂ ಪಡೆಯುವುದು ವಿವೇಕ. 1980ರಲ್ಲಿ ಪ್ರಕಟವಾದ ನಾಸಾ ಸಂಸ್ಥೆಯ ಒಂದು ಅಧ್ಯಯನದಲ್ಲಿ, ಕೃತಕ ವಿಮಾನದಲ್ಲಿ ಕುಳಿತ ಅನುಭವಿ ಚಾಲಕರು ಗಾಜಿನ ಮೇಲಿನ ಅಂಕೆಗಳನ್ನು ನೋಡುತ್ತ ಇಳಿಯುತ್ತಿದ್ದಾಗ, ದಾರಿಯ ಮೇಲೆಯೇ ಅಡ್ಡಬಂದ ಇನ್ನೊಂದು ವಿಮಾನವನ್ನು ಅವರಲ್ಲಿ ಕೆಲವರು ಕಾಣಲೇ ಇಲ್ಲ. ಅಂಕೆ ಮತ್ತು ಅಡ್ಡಿ ಎರಡೂ ಕಣ್ಣಿನ ಮುಂದೆಯೇ ಇದ್ದವು. ಮನಸ್ಸು ಮಾತ್ರ ಒಂದರಲ್ಲಿಯೇ ನೆಟ್ಟಿತ್ತು.

ನಮ್ಮ ಭಾಷೆಯಲ್ಲಿ ಅಂಕೆಯೆಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ಕೆಸರು ಕವಿದ ಗುಹೆಯಲ್ಲಿ ಕಣ್ಣಂಚಿಗೆ ಬೆಳಗುವ ಸಂಖ್ಯೆಯು ಮುಳುಗುಗಾರನ ಪಾಲಿಗೆ ದೊಡ್ಡ ಆಸರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಿಂದೆ ದೋಣಿಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದವನು ಸಂಖ್ಯೆಯನ್ನು ಓದುವುದರ ಜೊತೆಗೆ, ಹಗ್ಗವನ್ನು ಜಗ್ಗಿ, ಕೆಳಗಿನವನು ಹೇಗಿದ್ದಾನೆಂದು ವಿಚಾರಿಸುತ್ತಲೂ ಇದ್ದನು. ಆ ವಿಚಾರಣೆಯನ್ನು ಇನ್ನೂ ಯಾವ ಪರದೆಯೂ ವಹಿಸಿಕೊಂಡಿಲ್ಲ. ಅದನ್ನು ಮುಳುಗುಗಾರನೂ ಅವನ ಪಕ್ಕದಲ್ಲಿ ಈಜುವ ಜೊತೆಗಾರನೂ ತಾವೇ ಮಾಡಿಕೊಳ್ಳಬೇಕಾಗಿದೆ.