ಪನಾಮಾದ ದರ್ಜಿ ಹೊಲಿದ ಸುಳ್ಳು

ನಮ್ಮ ನ್ಯೂಸ್ ಚಾನೆಲ್‌ಗಳಿಗೆ ಆಗಾಗ ಒಂದು ‘ಹನಿಟ್ರ್ಯಾಪ್’ ಸಿಗದಿದ್ದರೆ ಊಟ ಸೇರೋದಿಲ್ಲ. ಈ ಪದವನ್ನು ಜನರ ಬಾಯಿಗೆ ತಂದವರಲ್ಲಿ ಮುಖ್ಯರು ಇಂಗ್ಲೆಂಡಿನ ಥ್ರಿಲ್ಲರ್ ಕಾದಂಬರಿಕಾರ ಜಾನ್ ಲ ಕಾರೆ (1931–2020). ಇಲಾಖೆಯೊಳಗೇ ಅಡಗಿರುವ ಶತ್ರುವಿನ ಗೂಢಚಾರನನ್ನು ‘ಮೋಲ್’ ಅಂತ ಕರೆಯೋದು ಜನಪ್ರಿಯವಾದದ್ದೂ ಅವರ ಪುಸ್ತಕಗಳಿಂದಲೇ.

ಅವರ ನಿಜ ಹೆಸರು ಡೇವಿಡ್ ಕಾರ್ನ್‌ವೆಲ್. ಅಪ್ಪ ರಾನಿ ಪಕ್ಕಾ ವಂಚಕ, ಜೈಲಿಗೂ ಹೋಗಿ ಬಂದವನು. ಮಗನಿಗೆ ಐದು ವರ್ಷವಿದ್ದಾಗ ತಾಯಿ ಮನೆ ಬಿಟ್ಟು ಹೋದರು. ನಂಬಿಸೋದು ಹೇಗೆ ಅನ್ನೋ ಮೊದಲ ಪಾಠ ಆ ಮನೆಯಲ್ಲೇ ಆಯ್ತು. ಮುಂದೆ ಎಂಐ5, ಎಂಐ6 ಎರಡರಲ್ಲೂ ಕೆಲಸ ಮಾಡಿದರು. ಅಪ್ಪನಿಗೂ ಮಗನಿಗೂ ಒಂದು ವ್ಯತ್ಯಾಸವಿತ್ತು: ಮಗ ತನ್ನ ಸುಳ್ಳಿನ ಮೇಲೆ ‘ಕಾದಂಬರಿ’ ಅಂತ ಬರೆದೇ ಮಾರಿದರು.

ಆದರೂ ಜನ ಕೇಳಬೇಕಲ್ಲ! ಬರ್ಲಿನ್ ಗೋಡೆ ಎದ್ದ ಎರಡು ವರ್ಷಕ್ಕೆ, 1963ರಲ್ಲಿ, ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಬಂತು. ಬರೀ ಕಲ್ಪನೆ ಅಂತಲೇ ಇಲಾಖೆ ಅದರ ಪ್ರಕಟಣೆಗೆ ಒಪ್ಪಿತ್ತು. ಓದಿದವರು ಮಾತ್ರ ಇದು ಒಳಗಿನವನೇ ಹೇಳಿದ ನಿಜ ಅಂತ ತೀರ್ಮಾನಿಸಿಬಿಟ್ಟರು. ಕೇಳುವವನಿಗೆ ಬೇಕಾಗಿದ್ದರೆ ಸಾಕು, ಕಥೆ ನಿಜವಾಗಿಬಿಡುತ್ತೆ. ಲ ಕಾರೆಯನ್ನು ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸೋದು ಇದೇ ಎಚ್ಚರಿಕೆ.

ಇದು ನಿಚ್ಚಳವಾಗಿ ಕಾಣೋದು 1996ರ ‘ದಿ ಟೈಲರ್ ಆಫ್ ಪನಾಮಾ’ದಲ್ಲಿ. ಹ್ಯಾರಿ ಪೆಂಡೆಲ್ ಅಲ್ಲಿನ ಗಣ್ಯರಿಗೆ ಸೂಟು ಹೊಲಿಯುವ ದರ್ಜಿ. ಮೈತುಂಬ ಸಾಲ. ಬ್ರಿಟಿಷ್ ಗೂಢಚಾರನೊಬ್ಬ ಬಂದು, ಮಾಹಿತಿ ಕೊಡು, ದುಡ್ಡು ತಗೋ ಅಂತಾನೆ. ಕೊಡೋಕೆ ಏನೂ ಇಲ್ಲ. ಹಾಗಾಗಿ ಪೆಂಡೆಲ್ ಇಲ್ಲದೇ ಇರೋ ಒಂದು ಬಂಡಾಯದ ಗುಂಪನ್ನೇ ಹೊಲಿದುಕೊಡ್ತಾನೆ. ಲಂಡನ್ನಿಗೆ ಅಳತೆ ಸರಿಹೊಂದುತ್ತೆ, ವಾಷಿಂಗ್ಟನ್ನಿಗೂ. ಕೊನೆಗೆ ಪನಾಮಾದ ಮೇಲೆ ಬಾಂಬು ಬೀಳುತ್ತೆ. ಗ್ರಹಾಂ ಗ್ರೀನ್ ಅವರ 1958ರ ‘ಅವರ್ ಮ್ಯಾನ್ ಇನ್ ಹವಾನಾ’ ಇದಕ್ಕೆ ಸ್ಫೂರ್ತಿ ಅಂತ ಲ ಕಾರೆ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಏಳನೇ ವರ್ಷಕ್ಕೆ ಇತಿಹಾಸವೇ ಈ ಕಥೆ ಹೇಳಿತು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ನಿಂತು, ಇರಾಕ್ ಬಳಿ ಜೈವಿಕ ಅಸ್ತ್ರ ತಯಾರಿಸುವ ಲಾರಿಗಳಿವೆ ಅಂದರು. ಆ ಮಾತಿನ ಮುಖ್ಯ ಮೂಲ ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಒಬ್ಬ ಇರಾಕಿ, ಸಂಕೇತನಾಮ ‘ಕರ್ವ್‌ಬಾಲ್’. ಮಾರ್ಚಿನಲ್ಲಿ ಯುದ್ಧ ಶುರುವಾಯ್ತು. ಅಂಥ ಲಾರಿಗಳು ಸಿಗಲೇ ಇಲ್ಲ. 2011ರಲ್ಲಿ, ನಾನು ಹೇಳಿದ್ದು ಸುಳ್ಳು ಅಂತ ಆತ ಒಪ್ಪಿಕೊಂಡ. ಯುದ್ಧಕ್ಕೆ ಮೊದಲೇ, ಜನವರಿಯಲ್ಲಿ, ಅಮೆರಿಕಕ್ಕೆ ಹುಚ್ಚು ಹಿಡಿದಿದೆ ಅಂತ ಲ ಕಾರೆ ಲಂಡನ್ನಿನ ‘ದಿ ಟೈಮ್ಸ್’ನಲ್ಲಿ ಬರೆದಿದ್ದರು.

ಬಾಸ್‌ಗೆ ಹಿಡಿಸುವ ಅಂಕಿಯನ್ನೇ ಹುಡುಕಿ ಸ್ಲೈಡಿಗೆ ಹಾಕುವ ಮೀಟಿಂಗ್ ಕಂಡ ಯಾರಿಗೂ ಪೆಂಡೆಲ್ ಅಪರಿಚಿತನಲ್ಲ. ಅವನ ಮೇಲೆ ನನಗೆ ಅಷ್ಟು ಸಿಟ್ಟು ಬರೋದಿಲ್ಲ, ಅವನಿಗೆ ಸಾಲವಿತ್ತು. ಅಳತೆ ಕೊಟ್ಟು ಹೊಲಿಸಿಕೊಂಡು, ಹೊಲಿಗೆ ಗಟ್ಟಿಯಿದೆಯಾ ಅಂತಲೂ ನೋಡದೆ ತೊಟ್ಟವರಿಗೆ ಅಂಥ ಯಾವ ದರ್ದೂ ಇರಲಿಲ್ಲ. ಆ ಉಡುಪಿನ ಬಿಲ್ಲು ಕಟ್ಟಿದ್ದು ಬಾಗ್ದಾದಿನ, ಬಸ್ರಾದ, ಫಲ್ಲೂಜಾದ ಮನೆಗಳು.