ಉಪ್ಪು, ರುಚಿಗೆ ತಕ್ಕಷ್ಟು

ನೆಟ್ಟಿನಲ್ಲಿ "ಮನೆಯಲ್ಲೇ ಸುಲಭವಾಗಿ ಮಾಡಿ" ಅಂತ ಸಿಗುವ ಅಡುಗೆಗಳನ್ನು ವಾರಕ್ಕೊಂದರಂತೆ ಪ್ರಯೋಗಿಸುವ ಚಟ ನಮ್ಮಲ್ಲಿ ಬಹಳ ಜನರಿಗಿದೆ. ನನಗೂ ಇದೆ. ಅಲ್ಲೆಲ್ಲ ಒಂದೂಕಾಲು ಕಪ್ಪು, ಮುಕ್ಕಾಲು ಚಮಚ, ಹನ್ನೆರಡು ನಿಮಿಷ ಅಂತ ಪಕ್ಕಾ ಲೆಕ್ಕ. ಈ ಲೆಕ್ಕ ಅಡುಗೆಮನೆಗೆ ಬಂದಿದ್ದು ಯಾವಾಗ ಅಂತ ಹುಡುಕುತ್ತಾ ಹೋದೆ ನೋಡಿ, ಮಜವಾದ ಕಥೆ ಸಿಕ್ಕಿತು.

ಕನ್ನಡದಿಂದಲೇ ಶುರು ಮಾಡೋಣ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಬರೆದ. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ.) ನೆಲದಡಿ ನೀರು ಎಲ್ಲಿದೆ ಅಂತ ಪತ್ತೆ ಮಾಡುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯ ತಯಾರಿಸುವುದು, ದನಕರುಗಳ ಚಿಕಿತ್ಸೆ, ಅಡುಗೆ.. ಎಲ್ಲ ಒಂದೇ ಪುಸ್ತಕದಲ್ಲಿ. ಇವತ್ತಿನ 'ನೀವೇ ಮಾಡಿ ನೋಡಿ' ಪುಟಗಳ ಮುತ್ತಜ್ಜ ಅನ್ನಬಹುದು.

ಅದರಲ್ಲಿ ಇಡ್ಲಿಯೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸಬೇಕು ಅಂತ ಆಹಾರದ ಇತಿಹಾಸ ಬರೆದ ಕೆ.ಟಿ. ಆಚಯ ಅದರ ಸಾರಾಂಶ ಕೊಡುತ್ತಾರೆ. ಅಕ್ಕಿತರಿ ಇಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ, ಹಬೆಯ ಮಾತೂ ಇಲ್ಲ. ಈ ಮೂರೂ ಆಮೇಲೆ ಬಂದವು ಅನ್ನುವುದು ಅವರ ವಾದ. ಮಜ್ಜಿಗೆ ಎಷ್ಟು? ಮಸಾಲೆ ಎಷ್ಟು? ಸಾರಾಂಶದಲ್ಲಿ ಇಲ್ಲ. ಸರಿ, ನನಗೆ ತೋಚಿದಷ್ಟು ಹಾಕಿಕೊಂಡು ಮಾಡಿ ನೋಡಿದೆ. ಬೇಯಿಸಿದ್ದು ಮಾತ್ರ ಇಡ್ಲಿ ಸ್ಟ್ಯಾಂಡಿನಲ್ಲೇ. ಎಣ್ಣೆ ಕಾಣದ ಉದ್ದಿನ ವಡೆಯ ಹಾಗೆ, ಸ್ವಲ್ಪ ಹುಳಿ, ಒಂದು ತಿಂದರೆ ಹೊಟ್ಟೆ ಭರ್ತಿ. ಅಮ್ಮನಿಗೆ ಹೇಳಿದರೆ "ಅದು ಇಡ್ಲಿ ಅಲ್ಲ ಕಣೋ, ಉದ್ದಿನ ಕಡುಬು" ಅಂದರು. ಸಾವಿರ ವರ್ಷದ ಇಡ್ಲಿಗೆ ಒಂದೇ ಮಾತಿನಲ್ಲಿ ಕಡುಬಿನ ಪಟ್ಟ!

ಸುಮಾರು 1508ರ ಹೊತ್ತಿಗೆ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಛಂದಸ್ಸಿಗೆ ಒಗ್ಗರಣೆ ಕೂರಿಸುವುದು ಸಾಮಾನ್ಯದ ಕೆಲಸವಲ್ಲ ಬಿಡಿ. ನನಗನ್ನಿಸುವುದೇನೆಂದರೆ, ಇಂಥ ಪದ್ಯಗಳು ಅಡುಗೆ ಬಾರದವರಿಗಲ್ಲ, ಬಲ್ಲವರಿಗೆ. ಕಲಿಸುವವರು ಪಕ್ಕದಲ್ಲೇ ಒಲೆಯ ಮುಂದೆ ಕೂತಿರುತ್ತಿದ್ದರು. ಚಮಚದ ಲೆಕ್ಕ ಯಾಕೆ ಬೇಕು?

ಬೇಕಾಗಿದ್ದು ಆ ಕಲಿಸುವವರು ದೂರವಾದಾಗ. 1845ರಲ್ಲಿ ಇಂಗ್ಲೆಂಡಿನ ಎಲೈಜಾ ಆಕ್ಟನ್ ಮನೆಮಂದಿಗಾಗಿ ಬರೆದ ಅಡುಗೆ ಪುಸ್ತಕದಲ್ಲಿ ಸಾಮಗ್ರಿಯ ಅಳತೆ, ಬೇಯುವ ಸಮಯ ಎಲ್ಲ ಪಟ್ಟಿ ಮಾಡಿ ಕೊಟ್ಟಳು. 1861ರಲ್ಲಿ ಬಂದ ಇಸಬೆಲ್ಲಾ ಬೀಟನ್‌ಳ ಪುಸ್ತಕ ಆ ಪಟ್ಟಿಯನ್ನು ಮೇಲಕ್ಕೆ ತಂದಿತು, ಜೊತೆಗೆ ಆಕ್ಟನ್‌ಳ ಎಷ್ಟೋ ಪಾಕಗಳನ್ನು ಹೆಸರೂ ಹೇಳದೆ ಎತ್ತಿಕೊಂಡಿತು! ನಮ್ಮ ಬರಹಗಳನ್ನು ಯಾರೋ ಕಾಪಿ ಹೊಡೆದರು ಅಂತ ಗೋಳಾಡುವವರು ಇದನ್ನು ನೆನಪಿಟ್ಟುಕೊಳ್ಳಿ. ಆಗ ಬೀಟನ್‌ಗೆ 25 ವರ್ಷ, 28ಕ್ಕೆ ತೀರಿಕೊಂಡಳು.

ಚಮಚದ ತಲೆ ಸವರಿ ಸಮ ಮಾಡಿ ಅಳೆಯಬೇಕು ಅಂತ ಪಟ್ಟು ಹಿಡಿದದ್ದು ಅಮೆರಿಕದ ಫ್ಯಾನಿ ಫಾರ್ಮರ್, 1896ರ ಬಾಸ್ಟನ್ ಪುಸ್ತಕದಲ್ಲಿ. ಪ್ರಕಾಶಕರಿಗೆ ನಂಬಿಕೆ ಇರಲಿಲ್ಲ. ಮೊದಲ 3000 ಪ್ರತಿಗಳು ಅಚ್ಚಾದದ್ದು ಅವಳ ಖರ್ಚಿನಲ್ಲೇ. ನಮ್ಮ ಪಕ್ಕದ ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ 'ಸಮೈತ್ತು ಪಾರ್' ಬಂದಿದ್ದು 1951ರಲ್ಲಿ. ಹೆಸರಿನ ಅರ್ಥವೇ 'ಅಡುಗೆ ಮಾಡಿ ನೋಡು'. ಮದುವೆಯಾಗಿ ದೂರದೂರಿಗೆ ಹೋದ ಹೆಣ್ಣುಮಕ್ಕಳು ಅದನ್ನು ಜೊತೆಗೆ ಒಯ್ದರು. ನಮ್ಮಂಥ ಬಾಡಿಗೆ ಮನೆ ಹುಡುಗರಿಗೆ ಅವರೇ ಪೂರ್ವಜರು.

ಆದರೆ ಈ ಕಪ್ಪು ಇದೆಯಲ್ಲ, ಅದೇನೂ ಅಷ್ಟು ಪಕ್ಕಾ ಅಲ್ಲ. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ಯೂನಿಟ್ಟು ಹೇಳದೆ ವೇರಿಯಬಲ್ ಬರೆದ ಹಾಗೆ. ಅಮ್ಮನ ದಾರಿ ಇದಕ್ಕಿಂತ ಜಾಣತನದ್ದು. "ಒಂದಕ್ಕೆ ಮೂರು" ಅಂದರೆ ಮುಗಿಯಿತು. ಪಾವಾಗಲಿ, ಲೋಟವಾಗಲಿ, ಉದ್ದು ಒಂದಾದರೆ ಅಕ್ಕಿ ಮೂರು. ಉಳಿದದ್ದೆಲ್ಲ ಹದ. ಈ 'ಹದ'ವನ್ನು ಯಾವ ಚಮಚದಲ್ಲಿ ಅಳೆಯುತ್ತೀರಿ? ಒಂದೆಳೆ ಪಾಕ ಅಂದರೆ ಬೆರಳ ತುದಿಯ ಥರ್ಮಾಮೀಟರು. ನೀರು ಆವಿಯಾಗಿ ಸಕ್ಕರೆ ಗಟ್ಟಿಯಾದಷ್ಟೂ ಪಾಕ ಕುದಿಯುವ ಬಿಸಿ ಏರುತ್ತದೆ, ಎಳೆಯೂ ಉದ್ದವಾಗುತ್ತದೆ. ಡಿಗ್ರಿ ಗೊತ್ತಿಲ್ಲದೆಯೂ ಲೆಕ್ಕ ತಪ್ಪುವುದಿಲ್ಲ.

2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಈ ಹದ ಮೊದಲ ಸಲ ಊರು ಬಿಟ್ಟು ಹೊರಟಿತು ಅನ್ನಬಹುದು. ಹಿಟ್ಟು ಸೌಟಿನಿಂದ ಹೇಗೆ ಇಳಿಯಬೇಕು ಅಂತ ಪದ್ಯದಲ್ಲೂ ಇರಲಿಲ್ಲ, ಪಟ್ಟಿಯಲ್ಲೂ ಇರಲಿಲ್ಲ. ಈಗ ಕಣ್ಣಿಗೆ ಕಾಣುತ್ತೆ. ಕೈಗೆ ಹತ್ತುವುದು ಮಾತ್ರ ಇನ್ನೂ ಬಾಕಿ.

ನಮ್ಮ ಅಜ್ಜಿಯ ಮಾವಿನಮಿಡಿ ಉಪ್ಪಿನಕಾಯಿಯ ಚೀಟಿ ಅಮ್ಮನ ಹತ್ತಿರ ಇದೆ. ಇಷ್ಟು ಮಿಡಿಗೆ ಇಷ್ಟು ಸೇರು ಉಪ್ಪು, ಇಷ್ಟು ಮೆಣಸಿನಕಾಯಿ, ಸಾಸಿವೆ. ಎಲ್ಲ ಅಳತೆಯೂ ಇದೆ. ಮಿಡಿ ಉಪ್ಪಿನಲ್ಲಿ ಎಷ್ಟು ಸುರುಟಬೇಕು ಅನ್ನುವುದು ಮಾತ್ರ ಚೀಟಿಯಲ್ಲಿಲ್ಲ. ಅಜ್ಜಿ ಭರಣಿಗೆ ಕೈ ಹಾಕಿ, ಒಂದನ್ನು ಒತ್ತಿ ನೋಡಿ "ಸಾಕು" ಅನ್ನುತ್ತಿದ್ದರು. ಅಮ್ಮ ಪ್ರತಿ ವರ್ಷ ಆ ಚೀಟಿ ಇಟ್ಟುಕೊಂಡೇ ಹಾಕುತ್ತಾರೆ, ಚೆನ್ನಾಗಿಯೇ ಇರುತ್ತೆ, ಆದರೆ ಅದಲ್ಲ. ಹಾಗಾಗಿ ಈ ಸಲದ ಮಿಡಿ ಕಾಲಕ್ಕೆ ರಜ ಹಾಕಿದ್ದೇನೆ. ಮೊಬೈಲು ಸ್ಟ್ಯಾಂಡಿಗೆ ಸಿಕ್ಕಿಸಿ, ಅಮ್ಮನ ಜೊತೆ ನಾನೂ ಭರಣಿಗೆ ಕೈ ಹಾಕುವುದು ಅಂತ. ನಿಮ್ಮ ಕಡೆ ಇಂಥ ಹದಗಳಿಗೆ ಏನೇನು ಮಾತುಗಳಿವೆ, ತಿಳಿಸಿ.