ಉಕ್ಕಿನ ಸೇತುವೆಯನ್ನು ತಡೆದ ‘ಬೇಡ’

ಚಳವಳಿಗೆ ಜನರನ್ನು ಕರೆಯುವ ಸಾಧನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1982ರ ಗೋಕಾಕ್ ಚಳವಳಿಗೆ ಕರಪತ್ರ, ಬಹಿರಂಗ ಸಭೆಗಳಿದ್ದವು. ಊರೂರು ಸುತ್ತಿದ ಡಾ. ರಾಜ್‌ಕುಮಾರ್ ಇದ್ದರು. 2016ರಲ್ಲಿ ಬೆಂಗಳೂರಿನ ಉತ್ತರ ದಿಕ್ಕಿನ ರಸ್ತೆಯೊಂದಕ್ಕಾಗಿ ಜನ ಬೀದಿಗಿಳಿದಾಗ ಕರೆ ಹರಡಿದ್ದು ಮುಖ್ಯವಾಗಿ ಮೊಬೈಲ್ ಫೋನಿನ ಮೂಲಕ.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲುಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ವೆಚ್ಚ 1,791 ಕೋಟಿ ರೂಪಾಯಿ. ಉರುಳಬೇಕಿದ್ದ ಮರಗಳು 800ಕ್ಕೂ ಹೆಚ್ಚು. ವಿಮಾನ ನಿಲ್ದಾಣದ ದಾರಿ ಸುಗಮವಾಗುತ್ತದೆ ಎಂಬುದು ಸರ್ಕಾರದ ವಾದ. ಯಲಹಂಕ, ಸಿಂಗಾಪುರದ ಕಡೆಯಿಂದ ಹೆಬ್ಬಾಳ ದಾಟಿ ನಗರಕ್ಕೆ ಬರುವವರಿಗೆ ವಾಹನ ದಟ್ಟಣೆ ನಿತ್ಯದ ಕಷ್ಟವೇ. ಆದರೆ ಜನರನ್ನು ಸರಿಯಾಗಿ ಕೇಳದೆ ಇಷ್ಟು ದೊಡ್ಡ ಯೋಜನೆ ಏಕೆಂಬ ಪ್ರಶ್ನೆ ಎದ್ದಿತು.

‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಹುಟ್ಟಿದ್ದು ಆಗ. ಒಂದೇ ಗುರುತಿನಡಿ ಚದುರಿದ ಮಾತುಗಳನ್ನು ಒಟ್ಟುಗೂಡಿಸುವ ಈ ಪದ್ಧತಿ ಟ್ವಿಟರಿನಲ್ಲಿ 2007ರಲ್ಲಿ ಆರಂಭವಾಗಿತ್ತು. ಇಂಗ್ಲಿಷಿನಲ್ಲಿ ವ್ಯವಹರಿಸುವವರೂ ಕನ್ನಡದ ‘ಬೇಡ’ವನ್ನೇ ಎತ್ತಿಕೊಂಡದ್ದು ಗಮನಾರ್ಹ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಮಾನವ ಸರಪಳಿ ರಚಿಸಿದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ನೀಡಿತು. ವಿರೋಧ ಪಕ್ಷ ಲಂಚದ ಆರೋಪ ಹೊರಿಸಿತು. 2017ರ ಮಾರ್ಚ್ 2ರಂದು ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟುದಾಗಿ ಪ್ರಕಟಿಸಿದರು. ಅಂದರೆ ಗೆಲುವು ಫೋನಿನದೊಂದೇ ಅಲ್ಲ. ಬೀದಿ, ನ್ಯಾಯಪೀಠ, ರಾಜಕೀಯ ಮೂರೂ ಕೂಡಿದವು.

ಇದೇ ಸಾಧನಕ್ಕೆ ಇನ್ನೊಂದು ಮುಖವೂ ಉಂಟು. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ಮತ್ತು ಅಂತರ್ಜಾಲದಲ್ಲಿ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರು ತೊರೆದಿದ್ದರು. ವೇಗಕ್ಕೆ ನಿಜ–ಸುಳ್ಳುಗಳ ಭೇದವಿಲ್ಲ.

‘ಬೇಡ’ದ ಬೆನ್ನಿಗೇ ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂಬ ಕೂಗೆದ್ದಿತು. ಬೇಡ ಎಂದದ್ದು ತಿಂಗಳುಗಳಲ್ಲಿ ನಿಂತಿತು. ಬೇಕು ಎಂದ ರೈಲಿಗೆ ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ. ತಡೆಯಲು ಕೂಗು ಸಾಕಾದೀತು. ಕಟ್ಟಲು ಹಣ, ಇಲಾಖೆಗಳ ಒಪ್ಪಿಗೆ, ದಿನವೂ ಬೆನ್ನುಹತ್ತುವ ಜನಪ್ರತಿನಿಧಿ ಬೇಕು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮಹಾನಗರ ಪಾಲಿಕೆಗೆ ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. ಕೈಯಲ್ಲಿ ಫೋನಿದ್ದ ಮತದಾರನಿಗೆ ಕರೆ ಮಾಡಲು ವಾರ್ಡಿನ ಸದಸ್ಯನಿರಲಿಲ್ಲ.